ಅಕ್ಷರವೊಂದೇ ಇರುವ ಭಿತ್ತಿಪತ್ರ



ಪರಿಸರದ ಭಿತ್ತಿಪತ್ರವೆಂದೊಡನೆ ಕೊಡಲಿ, ಬೋಳುಮರ, ಕಣ್ಣೀರಿಡುವ ಭೂಗೋಳ ನೆನಪಾಗುತ್ತವೆ. ಇವನ್ನು ಕಂಡು ಕಂಡು ನಮ್ಮ ಕಣ್ಣು ಜಡ್ಡುಗಟ್ಟಿದೆ. ಚಿತ್ರವೇ ಇಲ್ಲದೆ, ಅಕ್ಷರದ ಆಕಾರ, ಗಾತ್ರ, ಅಂತರಗಳಿಂದಲೇ ಅರ್ಥವನ್ನು ಕಾಣಿಸುವ ಮಾರ್ಗವೊಂದುಂಟು. ಚಿತ್ರ ಬರೆಯಲಾರದವರಿಗೂ ಅದು ಎಟುಕುತ್ತದೆ.

ರೋಮನ್ ಲಿಪಿಯ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಕನ್ನಡಕ್ಕಿಲ್ಲ. ಅದಕ್ಕೆ ಬದಲಾಗಿ ತಲೆಕಟ್ಟು, ಕೊಂಬು, ಒತ್ತುಗಳಿವೆ. 'ಮರ' ಎಂಬ ಪದದಲ್ಲಿ ರಕಾರದ ತಲೆಕಟ್ಟನ್ನು ಕಡಿದುಹಾಕಿದರೆ ಉಳಿಯುವುದು ಬಹುತೇಕ ಒಂದು ಸೊನ್ನೆ. ಇನ್ನು ಕೊಡಲಿಯ ಚಿತ್ರವೇಕೆ?

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ದಾಟಿ, ಗೋಕಾಕದಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. 'ಧುಮುಕು' ಎಂಬ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಉದುರಿಸುವುದು ಸುಲಭ; ಅಷ್ಟೇ ಅಗ್ಗ. 2019ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ಗೋಕಾಕ ಪೇಟೆಯೊಳಕ್ಕೆ ನುಗ್ಗಿತು. ಅದನ್ನು ಹೇಳಬೇಕಾದರೆ 'ಘಟಪ್ರಭಾ' ಎಂದು ದಪ್ಪವಾಗಿ ಬರೆದು, ಅಡಿಭಾಗವನ್ನು ಒಂದೇ ನೇರರೇಖೆಯಲ್ಲಿ ಅಳಿಸಬೇಕು. ಮೊದಲು ಮುಳುಗುವುದು ರಕಾರದ ಒತ್ತು. ಬಳಿಕ ಭಕಾರದ ಅಡಿಯ ಸೀಳು. ನದಿಯ ಹೆಸರೇ ತೊದಲತೊಡಗುತ್ತದೆ.

ಮೂಡಲಗಿಯ ಕಡೆಯ ಸಂಕಟ ಇಷ್ಟು ಗದ್ದಲದ್ದಲ್ಲ. ಎಡದಂಡೆ ಕಾಲುವೆಯ ನೀರು ಕಬ್ಬಿಗೆ ಮಿತಿಮೀರಿ ಹರಿದು, ಬಸಿದು ಹೋಗಲು ದಾರಿಯಿಲ್ಲದಾಗ ಅಂತರ್ಜಲ ಮೇಲೇರುತ್ತದೆ. ಕರಿಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಉಪ್ಪು ಅದರೊಡನೆ ಏರಿ, ನೀರು ಆರಿದ ಬಳಿಕ ನೆಲದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಆದ್ದರಿಂದ 'ಸವಳು' ಎಂಬ ಪದ ಕಪ್ಪಾಗಿ ನಿಂತು ಕೆಳಗಿನಿಂದ ಬೆಳ್ಳಗಾಗಬೇಕು. ಆದರೆ ಪ್ರವಾಹದಂತೆ ನೇರರೇಖೆಯಲ್ಲಲ್ಲ. ಒಣಕುಂಚದಿಂದ, ಚೂರುಚೂರಾಗಿ, ಒಂದು ಅಕ್ಷರದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಎರಡು ಅನಾಹುತಗಳೂ ಕೆಳಗಿನಿಂದಲೇ ಬಂದರೂ ಅಂಚು ಬೇರೆ. ಮಣ್ಣನ್ನು ನೋಡಿದವನಿಗೆ ಈ ಭೇದ ತಿಳಿಯುತ್ತದೆ; ನೋಡದವನ ಭಿತ್ತಿಪತ್ರ ಬರಿಯ ಅಲಂಕಾರವಾಗುತ್ತದೆ. ಕೆಳಗೆ 'ಬಸಿಗಾಲುವೆ ತೋಡಿರಿ' ಎಂಬ ಒಂದು ಸಣ್ಣ ಸಾಲು ಸಾಕು. ಭಯವನ್ನು ಹುಟ್ಟಿಸಿ ಉಪಾಯವನ್ನು ಹೇಳದಿರುವುದು ರೈತನಿಗೆ ಮಾಡುವ ಅನ್ಯಾಯ.

ಒಂದು ಹಾಳೆಗೆ ಒಂದೇ ದೊಡ್ಡ ಪದವಿರಲಿ, ಎರಡು ಬಣ್ಣ ಮೀರದಿರಲಿ. ಒತ್ತಕ್ಷರ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು; ಕಂಪ್ಯೂಟರಿನಲ್ಲಿ ಅಚ್ಚಾಗುವ ಫಲಕಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಬರೆದಾದ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು. ಕೆಡಿಸಿದ ಅಕ್ಷರ ಓದಲು ಬಾರದಷ್ಟು ಕೆಟ್ಟಿದ್ದರೆ ಹಾಳೆ ವ್ಯರ್ಥ. ಮಳೆಗಾಲದಲ್ಲಿ ಕಾಗದ ನಿಲ್ಲದು. ಮಳೆ ಬೀಳದ ಜಗಲಿಯ ಸುಣ್ಣದ ಗೋಡೆ, ಕಾವಿಯ ಬಣ್ಣ ಲೇಸು.

ಅಂಟಿಸುವ ಸ್ಥಳವನ್ನೂ ಯೋಚಿಸಬೇಕು. 'ಮರ'ದ ಹಾಳೆಯನ್ನು ಮರಕ್ಕೆ ಮೊಳೆ ಹೊಡೆದು ತೂಗುಹಾಕುವವರಿದ್ದಾರೆ! 'ಸವಳು' ಕಬ್ಬಿನ ಗಾಡಿಗಳು ಸಾಲುಗಟ್ಟಿ ಕಾಯುವ ತೂಕದ ಕಟ್ಟೆಯ ಎದುರಿಗಿರಲಿ. ಅಲ್ಲಿ ಓದಲು ಬೇಕಾದಷ್ಟು ಸಮಯವಿರುತ್ತದೆ.