ಸತ್ಯ ಹೇಳಿಸುವವರು, ಸತ್ಯ ಹೇಳುವವರು
(ತತ್ತ್ವಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣ)



ಆಧುನಿಕ ಯುರೋಪಿನ ಚಿಂತನೆಯಲ್ಲಿ ಸತ್ಯ, ಆತ್ಮ, ಧರ್ಮ, ಅಧಿಕಾರ ಎಂಬ ನಾಲ್ಕು ವಿಷಯಗಳನ್ನು ಈ ಬಾರಿಯ ಗೋಷ್ಠಿಗಳಿಗೆ ಗೊತ್ತುಮಾಡಿದ್ದೀರಿ. ಒಂದೊಂದೂ ಒಂದು ಸಮ್ಮೇಳನಕ್ಕೆ ಆಗುವಷ್ಟಿದೆ. ಹಾಗಾಗಿ ನಾಲ್ಕೂ ಕೂಡುವ ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ: ಒಬ್ಬ ಮನುಷ್ಯ ಸತ್ಯ ನುಡಿದಾಗ ಅದನ್ನು ನುಡಿಸಿದವರು ಯಾರು, ಅದಕ್ಕೆ ಬೆಲೆ ತೆತ್ತವರು ಯಾರು?

ತರ್ಕಶಾಸ್ತ್ರದ ತರಗತಿಯಲ್ಲಿ ಸತ್ಯವನ್ನು ವಾಕ್ಯದ ಗುಣವೆಂದು ಕಲಿಸುತ್ತೇವೆ. ವಾಕ್ಯ ವಸ್ತುಸ್ಥಿತಿಗೆ ಹೊಂದಿದರೆ ಸತ್ಯ, ಇಲ್ಲದಿದ್ದರೆ ಮಿಥ್ಯೆ. ಆ ಪಾಠ ಬೇಕೇ ಬೇಕು. ಆದರೆ ಅಲ್ಲಿ ವಾಕ್ಯವನ್ನು ಹೇಳುವವನ ಸುದ್ದಿಯೇ ಬರುವುದಿಲ್ಲ. ಕಿರ್ಕೆಗಾರ್ಡ್, ನೀಷೆ, ಫೂಕೋ ಮೂವರೂ ಬೇರೆ ಬೇರೆ ದಾರಿ ಹಿಡಿದವರು. ಹೇಳುವವನನ್ನು ವಿಚಾರಣೆಯೊಳಕ್ಕೆ ಎಳೆದು ತಂದದ್ದರಲ್ಲಿ ಮಾತ್ರ ಒಂದೇ.

ಕೋಪನ್‌ಹೇಗನ್‌ನ ಸೋರೆನ್ ಕಿರ್ಕೆಗಾರ್ಡ್ 1846ರಲ್ಲಿ ಸತ್ಯವೆಂಬುದು ವ್ಯಕ್ತಿನಿಷ್ಠವಾದದ್ದು ಎಂದು ಬರೆದ. ಮನಸ್ಸಿಗೆ ತೋಚಿದ್ದೆಲ್ಲ ಸತ್ಯ ಎಂಬ ಅರ್ಥದಲ್ಲಿ ಅಲ್ಲ. ದೇವರ ಬಗ್ಗೆ ಶಾಸ್ತ್ರಶುದ್ಧವಾದ ಮಾತನ್ನೆಲ್ಲ ಬಾಯಿಪಾಠ ಮಾಡಿ, ಅದರಂತೆ ಒಂದು ದಿನವೂ ಬಾಳದವನಿಗೆ ಆ ಸತ್ಯದೊಡನೆ ಏನು ನಂಟು ಎಂಬುದು ಆತನ ಪ್ರಶ್ನೆ. 1854ರ ಜನವರಿಯಲ್ಲಿ ಡೆನ್ಮಾರ್ಕಿನ ಬಿಷಪ್ ಮಿನ್‌ಸ್ಟರ್ ತೀರಿಕೊಂಡರು. ಅವರನ್ನು ಸತ್ಯದ ಸಾಕ್ಷಿ ಎಂದು ಧರ್ಮಶಾಸ್ತ್ರ ಪಂಡಿತ ಮಾರ್ಟೆನ್‌ಸನ್ ಪ್ರಾರ್ಥನಾಸಭೆಯಲ್ಲಿ ಕೊಂಡಾಡಿದರು. ಮಿನ್‌ಸ್ಟರ್ ಕಿರ್ಕೆಗಾರ್ಡ್‌ನ ತಂದೆ ಗೌರವಿಸಿದ್ದ ಪಾದ್ರಿ; ಆದರೂ ಕಿರ್ಕೆಗಾರ್ಡ್ ಅದನ್ನು ಒಪ್ಪಲಿಲ್ಲ. ಸಂಬಳ, ಸ್ಥಾನಮಾನ, ಅರಮನೆಯ ಮರ್ಯಾದೆ ಎಲ್ಲವನ್ನೂ ಅನುಭವಿಸಿದವರು ಸತ್ಯದ ಸಾಕ್ಷಿಯಾಗುವುದಿಲ್ಲ, ಸಾಕ್ಷಿಯಾದವನು ಸತ್ಯಕ್ಕಾಗಿ ನೋವುಂಡಿರಬೇಕು ಎಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದ. 1855ರಲ್ಲಿ ‘ಕ್ಷಣ’ ಎಂಬ ಪುಟ್ಟ ಪತ್ರಿಕೆಯನ್ನು ತಾನೇ ಹೊರಡಿಸಿ ರಾಜ್ಯದ ಚರ್ಚಿನ ಮೇಲೆ ಸಂಚಿಕೆ ಸಂಚಿಕೆಗೂ ಎರಗಿದ. ಆ ಶರತ್ಕಾಲದಲ್ಲಿ ಬೀದಿಯಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದ. ಕೊನೆಯ ಪ್ರಸಾದ ತೆಗೆದುಕೊಳ್ಳುವೆಯಾ ಎಂದು ಪಾದ್ರಿಯಾಗಿದ್ದ ಗೆಳೆಯ ಕೇಳಿದಾಗ ಆತ ಕೊಟ್ಟ ಉತ್ತರದಲ್ಲಿ ಇಡೀ ಬದುಕಿನ ವಾದವಿದೆ: ತೆಗೆದುಕೊಳ್ಳುತ್ತೇನೆ, ಆದರೆ ಪಾದ್ರಿಯ ಕೈಯಿಂದಲ್ಲ, ಸಾಮಾನ್ಯ ವಿಶ್ವಾಸಿಯೊಬ್ಬನ ಕೈಯಿಂದ. ಪಾದ್ರಿಗಳು ರಾಜನ ನೌಕರರು, ರಾಜನ ನೌಕರರಿಗೂ ಕ್ರೈಸ್ತಧರ್ಮಕ್ಕೂ ಸಂಬಂಧವಿಲ್ಲ. ಹಾಗೆ ಪ್ರಸಾದವಿಲ್ಲದೆಯೇ ನವೆಂಬರ್ 11ರಂದು, 42ನೆಯ ವಯಸ್ಸಿನಲ್ಲಿ ಸತ್ತ. ಧರ್ಮವನ್ನು ಬಿಟ್ಟವನಲ್ಲ ಆತ. ಧರ್ಮದ ಹೆಸರಿನಲ್ಲೇ ಧರ್ಮದ ಅಧಿಕಾರಕ್ಕೆ ಇದಿರು ನಿಂತವನು.

ನೀಷೆ ಸ್ವತಃ ಪಾದ್ರಿಯ ಮಗ. ಅವನು 1887ರ ‘ನೀತಿಯ ವಂಶಾವಳಿ’ಯಲ್ಲಿ ಇನ್ನೊಂದು ಕಡೆಯಿಂದ ಕೆದಕಿದ. ದೇವರನ್ನು ಕೈಬಿಟ್ಟ ವಿಜ್ಞಾನಿಯೂ ಸತ್ಯಕ್ಕಾಗಿ ಎಲ್ಲವನ್ನೂ ಬಲಿಕೊಡಲು ಸಿದ್ಧನಿದ್ದಾನಲ್ಲ, ಈ ಹಟ ಎಲ್ಲಿಂದ ಬಂತು? ನೂರಾರು ವರ್ಷ ಪಾಪನಿವೇದನೆಯಲ್ಲಿ ಪಳಗಿದ ಕ್ರೈಸ್ತ ಅಂತಃಸಾಕ್ಷಿಯೇ ಈಗ ವೈಜ್ಞಾನಿಕ ಅಂತಃಸಾಕ್ಷಿಯಾಗಿದೆ ಎಂಬುದು ಅವನ ಉತ್ತರ. ಸತ್ಯ ಬೇಕೆಂಬ ಹಂಬಲಕ್ಕೂ ಒಂದು ಇತಿಹಾಸವಿದೆ ಎಂದಾಯಿತು.

ಆ ಇತಿಹಾಸವನ್ನು ಬರೆಯುವ ಕೆಲಸವನ್ನು ಮಿಶೆಲ್ ಫೂಕೋ ಕೈಗೆತ್ತಿಕೊಂಡು ಎರಡು ಅಭ್ಯಾಸಗಳನ್ನು ಹೋಲಿಸಿದ. ರೋಮಿನ ಸೆನೆಕಾ ದೀಪ ಆರಿದ ಮೇಲೆ, ಹೆಂಡತಿ ಮಾತು ನಿಲ್ಲಿಸಿದ ಮೇಲೆ, ದಿನವಿಡೀ ತಾನು ಆಡಿದ್ದು ಮಾಡಿದ್ದನ್ನು ಒಬ್ಬನೇ ಲೆಕ್ಕ ಹಾಕುತ್ತಿದ್ದ. ತಪ್ಪು ಕಂಡರೆ ಇನ್ನೊಮ್ಮೆ ಹೀಗೆ ಮಾಡಬೇಡ ಎಂದು ತನಗೆ ತಾನೇ ಹೇಳಿಕೊಂಡು ಕ್ಷಮಿಸುತ್ತಿದ್ದ. ನಾಲ್ಕು ಶತಮಾನ ಕಳೆದು ಕ್ರೈಸ್ತ ಸನ್ಯಾಸಿ ಕ್ಯಾಸಿಯನ್ ಹೇಳಿದ ಕ್ರಮವೇ ಬೇರೆ. ಅಲ್ಲಿ ಶಿಷ್ಯ ಮನಸ್ಸಿನಲ್ಲಿ ಸುಳಿದ ಒಂದೊಂದು ಯೋಚನೆಯನ್ನೂ ಹಿರಿಯನ ಮುಂದೆ ಬಿಚ್ಚಿಡಬೇಕು. ಹೇಳಲು ನಾಚಿಕೆಯಾದರೆ ಅದೇ ಆ ಯೋಚನೆ ಕೆಟ್ಟದ್ದೆಂಬುದಕ್ಕೆ ಗುರುತು. ಮೊದಲಿನದರಲ್ಲಿ ಮನುಷ್ಯ ತನ್ನನ್ನು ತಾನು ರೂಪಿಸಿಕೊಳ್ಳುತ್ತಾನೆ. ಎರಡನೆಯದರಲ್ಲಿ ತನ್ನನ್ನು ಇನ್ನೊಬ್ಬರಿಗೆ ಒಪ್ಪಿಸಿಕೊಳ್ಳುತ್ತಾನೆ. ಆತ್ಮವೆಂಬುದು ಒಳಗೆ ಸಿದ್ಧವಾಗಿ ಕೂತಿರುವ ವಸ್ತುವಲ್ಲ, ಇಂಥ ಅಭ್ಯಾಸಗಳಿಂದ ರೂಪುಗೊಳ್ಳುವಂಥದ್ದು ಎಂದು ಫೂಕೋ ಹೇಳುವುದು ಈ ಆಧಾರದ ಮೇಲೆ.

1215ರ ನಾಲ್ಕನೆಯ ಲ್ಯಾಟರನ್ ಧರ್ಮಸಭೆ ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಲೇಬೇಕೆಂದು ವಯಸ್ಸಿಗೆ ಬಂದ ಕ್ರೈಸ್ತರೆಲ್ಲರಿಗೂ ವಿಧಿಸಿತು. ಅದೇ ಸಭೆ ಬೆಂಕಿ ನೀರುಗಳ ದಿವ್ಯಪರೀಕ್ಷೆಗಳಲ್ಲಿ ಪಾದ್ರಿಗಳು ಭಾಗವಹಿಸಕೂಡದೆಂದೂ ನಿಷೇಧಿಸಿತು. ದೇವರು ತೀರ್ಪು ಕೊಡುವ ದಾರಿ ಮುಚ್ಚಿದ ಮೇಲೆ ನ್ಯಾಯಾಲಯಕ್ಕೆ ಆರೋಪಿಯ ಬಾಯಿಂದಲೇ ಸತ್ಯ ಬರಬೇಕಾಯಿತು. ಚರ್ಚಿನಿಂದ ನ್ಯಾಯಾಲಯಕ್ಕೆ, ಅಲ್ಲಿಂದ ಆಸ್ಪತ್ರೆಗೆ, ಶಾಲೆಗೆ ತಪ್ಪೊಪ್ಪಿಗೆ ಹಬ್ಬಿತು.

1981ರಲ್ಲಿ ಬೆಲ್ಜಿಯಂನ ಲೂವೆನ್‌ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಮಾಲೆಯನ್ನು ಫೂಕೋ ಶುರುಮಾಡಿದ್ದು ಒಂದು ಪ್ರಸಂಗದಿಂದ. ಫ್ರಾನ್ಸಿನ ಮನೋವೈದ್ಯ ಲ್ಯೂರೆ ಅದನ್ನು ತನ್ನ 1840ರ ಪುಸ್ತಕದಲ್ಲಿ ತಾನೇ ಬರೆದಿಟ್ಟಿದ್ದಾನೆ. ಧ್ವನಿಗಳು ಕೇಳಿಸುತ್ತವೆ, ನನ್ನನ್ನು ಹಿಂಸಿಸುತ್ತಾರೆ ಎನ್ನುವ ರೋಗಿಯನ್ನು ವೈದ್ಯ ತಣ್ಣೀರಿನ ಧಾರೆಯ ಕೆಳಗೆ ನಿಲ್ಲಿಸುತ್ತಾನೆ. ನೀನು ಹೇಳಿದ್ದರಲ್ಲಿ ಒಂದೂ ನಿಜವಿಲ್ಲ, ಎಲ್ಲ ಹುಚ್ಚು ಎಂದು ಒಪ್ಪಿಕೋ ಎನ್ನುತ್ತಾನೆ. ರೋಗಿ ಒಪ್ಪುವುದಿಲ್ಲ, ನೀರು ಸುರಿಯುತ್ತದೆ. ಬಲವಂತಕ್ಕೆ ಒಪ್ಪುತ್ತೇನೆ ಎನ್ನುತ್ತಾನೆ, ಅದು ಸಾಲದೆಂದು ಮತ್ತೆ ನೀರು ಸುರಿಯುತ್ತದೆ. ಕೊನೆಗೆ, ಹೌದು, ಅದೆಲ್ಲ ಹುಚ್ಚು ಎನ್ನುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಆ ‘ಸಾಲದು’. ಹಿಂಸೆಗೆ ಮಣಿದರಷ್ಟೇ ವೈದ್ಯನಿಗೆ ತೃಪ್ತಿಯಿಲ್ಲ. ನಾನು ಇಂಥವನು ಎಂದು ರೋಗಿ ತಾನಾಗಿಯೇ ಹೇಳಿದಂತೆ ಆಗಬೇಕು. ಅಧಿಕಾರಕ್ಕೆ ಬೇಕಾಗಿರುವುದು ಬಗ್ಗಿದ ಬೆನ್ನು ಮಾತ್ರವಲ್ಲ, ಒಪ್ಪಿದ ಮನಸ್ಸು.

ಇದು ಹಳೆಯ ಫ್ರಾನ್ಸಿನ ಕತೆ ಎಂದು ನಾವು ಸುಮ್ಮನಿರುವಂತಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ನಮ್ಮ ಸಾಕ್ಷ್ಯ ಕಾಯ್ದೆ 1872ರಲ್ಲೇ ಹೇಳಿತ್ತು. 2023ರ ಹೊಸ ಕಾಯ್ದೆಯಲ್ಲೂ ಆ ನಿಯಮ ಉಳಿದಿದೆ. ಆದರೂ ಈ ಶತಮಾನದ ಮೊದಲ ದಶಕದಲ್ಲಿ ಮಂಪರು ಪರೀಕ್ಷೆ ಬಂತು. ಬೆಂಗಳೂರು ಅದಕ್ಕೆ ದೇಶದಲ್ಲೇ ಹೆಸರಾಯಿತು. ಸೋಡಿಯಂ ಪೆಂಟೋಥಾಲ್ ಚುಚ್ಚಿ, ಅರೆಪ್ರಜ್ಞೆಯಲ್ಲಿ ಮಲಗಿದವನ ಬಾಯಿ ಬಿಡಿಸುವ ದೃಶ್ಯಗಳು ಟಿ.ವಿ.ಯಲ್ಲೂ ಬಂದವು. ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿಗೆ ಅದು ವಿರುದ್ಧ. ತತ್ತ್ವಶಾಸ್ತ್ರದ ಪ್ರತಿ ವಿದ್ಯಾರ್ಥಿಯೂ ಈ ತೀರ್ಪನ್ನು ಓದಬೇಕು. ಮಾತಾಡುವ ಹಕ್ಕಿನಷ್ಟೇ ಬಾಯಿ ಮುಚ್ಚಿಕೊಂಡಿರುವ ಹಕ್ಕೂ ಆತ್ಮಗೌರವದ ಭಾಗ ಎಂಬ ವಿಚಾರ ಅಲ್ಲಿ ಕಾನೂನಿನ ಭಾಷೆಯಲ್ಲಿದೆ.

ಹಾಗಾದರೆ ಸತ್ಯವೆಂದರೆ ಬಲವಿದ್ದವರ ಮಾತು ಎಂದಷ್ಟೇ ಆಯಿತೆ? ಫೂಕೋನನ್ನು ಹೀಗೆ ಓದುವವರು ಬಹಳ ಮಂದಿ. ಈ ಓದು ತಪ್ಪು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಜ್ಞಾನ, ಅಧಿಕಾರ ಎರಡೂ ಒಂದೇ ಆಗಿದ್ದರೆ ಅವುಗಳ ಸಂಬಂಧವನ್ನು ಹುಡುಕಲು ಇಷ್ಟು ಶ್ರಮಪಡುವ ಅಗತ್ಯವೇ ಇರುತ್ತಿರಲಿಲ್ಲ ಎಂದು ಆತನೇ ಹೇಳಿದ್ದಾನೆ. ಕೊನೆಯ ವರ್ಷಗಳಲ್ಲಿ, 1983ರ ಬರ್ಕ್ಲಿ ಉಪನ್ಯಾಸಗಳಲ್ಲಿ, 1984ರ ಫೆಬ್ರವರಿ–ಮಾರ್ಚ್‌ನಲ್ಲಿ ಕಾಯಿಲೆಯ ನಡುವೆಯೇ ಪ್ಯಾರಿಸ್ಸಿನಲ್ಲಿ ಕೊಟ್ಟ ಪಾಠಗಳಲ್ಲಿ, ಆತ ಎತ್ತಿಕೊಂಡದ್ದು ಗ್ರೀಕರ ಪರ್ಹೇಸಿಯಾ: ತನಗಿಂತ ಬಲಶಾಲಿಯ ಮುಂದೆ, ಅಪಾಯ ಗೊತ್ತಿದ್ದೂ, ಕರ್ತವ್ಯವೆಂದು ಆಡುವ ನೇರನುಡಿ. ಸಿರಕ್ಯೂಸ್‌ನ ಸರ್ವಾಧಿಕಾರಿಯ ಮುಂದೆ ನಿಂತ ಪ್ಲೇಟೋ, ಅಲೆಕ್ಸಾಂಡರನ ಮುಂದೆ ನಿಂತ ಡಯೋಜೆನಿಸ್ ಆತನ ಉದಾಹರಣೆಗಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ಆಡಿಕೊಂಡು ಬಂದ ಜನಕ್ಕೆ ಈ ಅಪಾಯವನ್ನು ವಿವರಿಸಬೇಕಿಲ್ಲ.

ತಪ್ಪೊಪ್ಪಿಗೆಯಲ್ಲಿ ಕೆಳಗಿರುವವನು ತನ್ನ ಬಗ್ಗೆ ಹೇಳುತ್ತಾನೆ, ಮೇಲಿರುವವನು ಕೇಳಿ ತೀರ್ಪು ಕೊಡುತ್ತಾನೆ. ನೇರನುಡಿಯಲ್ಲಿ ಕೆಳಗಿರುವವನು ಮೇಲಿರುವವನ ಬಗ್ಗೆ ಹೇಳುತ್ತಾನೆ. ಎರಡರಲ್ಲೂ ಬೆಲೆ ತೆರುವವನು ಹೇಳುವವನೇ. ಆದರೆ ಒಂದರಲ್ಲಿ ಬೆಲೆಯನ್ನು ಕಿತ್ತುಕೊಳ್ಳುತ್ತಾರೆ, ಇನ್ನೊಂದರಲ್ಲಿ ಅವನೇ ಮುಂದಾಗಿ ಕೊಡುತ್ತಾನೆ. ಈ ವ್ಯತ್ಯಾಸವನ್ನು ಗುರುತಿಸಬಲ್ಲವನಿಗೆ ಸತ್ಯದ ಮೇಲಿನ ವಿಶ್ವಾಸ ಕಳೆದುಹೋಗುವುದಿಲ್ಲ, ಗಟ್ಟಿಯಾಗುತ್ತದೆ.

ಮೂರನೆಯ ದಾರಿಯೂ ಒಂದಿದೆ. 1971ರ ಫೆಬ್ರವರಿಯಲ್ಲಿ ಫೂಕೋ, ಸಂಪಾದಕ ದೊಮೆನಾಕ್, ಇತಿಹಾಸಕಾರ ವಿದಾಲ್‌–ನಾಕೆ ಸೇರಿ ಜೈಲುಗಳ ಮಾಹಿತಿಗಾಗಿ ಒಂದು ಗುಂಪು ಕಟ್ಟಿದರು. ಅದರ ವಿಳಾಸ ಫೂಕೋನ ಸ್ವಂತ ಮನೆ. ಭೇಟಿಯ ದಿನ ಜೈಲಿನ ಬಾಗಿಲಲ್ಲಿ ಸಾಲುಗಟ್ಟಿ ನಿಂತ ಕೈದಿಗಳ ಮನೆಯವರಿಗೆ ಪ್ರಶ್ನಾವಳಿ ಹಂಚಿದರು. ಊಟ ಹೇಗಿದೆ, ಚಳಿಗೆ ಏನಿದೆ, ಶಿಕ್ಷೆ ಹೇಗೆ ಕೊಡುತ್ತಾರೆ? ನೀನೇನು ತಪ್ಪು ಮಾಡಿದೆ ಎಂದು ಕೈದಿಯನ್ನು ಕೇಳುವ ಪ್ರಶ್ನೆ ಅದಲ್ಲ, ನಿನಗೆ ಏನು ಮಾಡುತ್ತಿದ್ದಾರೆ ಎಂದು ಕೇಳುವ ಪ್ರಶ್ನೆ. ವಿದ್ವಾಂಸ ಕೈದಿಯ ಪರವಾಗಿ ಮಾತಾಡಲಿಲ್ಲ. ಅವನ ಮಾತು ಹೊರಗೆ ಕೇಳುವಂತೆ ಮಾಡಿದ. ವಿದ್ಯಾವಂತರ ಕರ್ತವ್ಯಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಬಂಧುಗಳೆ, ಈ ಸಮ್ಮೇಳನ ಮೂರು ನಿರ್ಣಯಗಳನ್ನು ಕೈಗೊಳ್ಳಬೇಕೆಂದು ನನ್ನ ಕೋರಿಕೆ. ಒಂದು, ಫ್ರೆಂಚ್, ಜರ್ಮನ್, ಡೇನಿಶ್ ಬಲ್ಲ ಕನ್ನಡಿಗರನ್ನು ಹುಡುಕಿ, ಮೂಲಗ್ರಂಥಗಳನ್ನು ನೇರವಾಗಿ ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕೋಣ. ಎರಡು, ತತ್ತ್ವಶಾಸ್ತ್ರದ ಪಾಠ ಕಾನೂನು, ವೈದ್ಯಕೀಯ, ಪೊಲೀಸ್ ತರಬೇತಿಯ ತರಗತಿಗಳಿಗೂ ಹೋಗಲಿ. ಬಾಯಿ ಬಿಡಿಸುವ ಅಧಿಕಾರ ಇರುವುದು ಅಲ್ಲಿಯವರ ಕೈಯಲ್ಲಿ. ಮೂರನೆಯದು ನಮ್ಮ ಮೇಲೇ ನಾವು ಹೇರಿಕೊಳ್ಳಬೇಕಾದದ್ದು. ಆಂತರಿಕ ಅಂಕಗಳು ನಮ್ಮ ಕೈಯಲ್ಲಿವೆ. ಅಧ್ಯಾಪಕರ ಅಭಿಪ್ರಾಯವನ್ನು ಒಪ್ಪದ ವಿದ್ಯಾರ್ಥಿ ಅದಕ್ಕಾಗಿ ಒಂದು ಅಂಕವನ್ನೂ ಕಳೆದುಕೊಳ್ಳಬಾರದು. ನಮ್ಮ ಮುಂದೆ ಕೂತವರಿಗೆ ನಿರ್ಭಯವಾಗಿ ಮಾತಾಡಲು ಆಗದಿದ್ದರೆ, ಸಾಕ್ರಟಿಸ್‌ನ ಧೈರ್ಯವನ್ನು ಪಾಠ ಹೇಳುವ ಯೋಗ್ಯತೆ ನಮಗಿಲ್ಲ. ಈ ಮೂರನೆಯ ನಿರ್ಣಯಕ್ಕೆ ಇಲ್ಲಿರುವ ಪ್ರತಿಯೊಬ್ಬ ಅಧ್ಯಾಪಕರೂ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತಾ, ಮೊದಲ ಸಹಿಯನ್ನು ನಾನೇ ಹಾಕುತ್ತೇನೆ.