ಹೊಗಳುವ ಸುದ್ದಿಗೂ ಸಾಕ್ಷಿ ಬೇಕು



ಚುನಾವಣೆ ಹತ್ತಿರವಾದಂತೆ ಎದುರಾಳಿಗಳ ವಿರುದ್ಧ ಬಳಸಲು ಹಳೆಯ ಕಡತ, ಹಳೆಯ ಇತಿಹಾಸವನ್ನು ಕೆದಕುವುದು ರಾಜಕೀಯದಲ್ಲಿ ಹೊಸದಲ್ಲ. ಹುಡುಕುವುದು ತಪ್ಪೂ ಅಲ್ಲ. ಸಿಕ್ಕಿದ್ದು ನಿಜವೇ ಎಂದು ಪರಿಶೀಲಿಸದೆ ಹರಡುವುದು ತಪ್ಪು. ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಪ್ರಸಂಗವನ್ನು ತಮ್ಮ ಮುಂದಿಡುತ್ತೇನೆ.

2023ರ ಮೇ 10ರಂದು ವಿಧಾನಸಭಾ ಚುನಾವಣೆ ನಡೆಯಿತು. ಅದಕ್ಕೆ ಮುಂಚೆ, ಟಿಪ್ಪು ಸುಲ್ತಾನರನ್ನು ಕೊಂದವರು ಬ್ರಿಟಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಎಂದು ಬಿಜೆಪಿಯ ಕೆಲವು ನಾಯಕರು ಹೇಳತೊಡಗಿದರು. 2022ರ ಅಡ್ಡಂಡ ಕಾರ್ಯಪ್ಪ ಅವರ ‘ಟಿಪ್ಪು ನಿಜ ಕನಸುಗಳು’ ನಾಟಕದಲ್ಲೂ ಈ ಹೆಸರುಗಳು ಬಂದಿದ್ದವು. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯಕ್ಕೆ ಬರುವಾಗ ಈ ಇಬ್ಬರ ಹೆಸರಿನ ಸ್ವಾಗತ ಕಮಾನು ಎದ್ದಿತು. ಆಕ್ಷೇಪ ಬಂದ ಮೇಲೆ ಅದರ ಹೆಸರು ಬದಲಾಯಿತು. ಆಗ ಸಚಿವರಾಗಿದ್ದ ಮುನಿರತ್ನ ಅವರು ಸಿನಿಮಾ ತೆಗೆಯಲು ಮುಂದಾದರು.

ಟಿ.ವಿ. ವಾಹಿನಿಗಳಲ್ಲಿ ಚರ್ಚೆ ಬಿಸಿಯೇರಿತು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. ಆಧಾರವಿಲ್ಲದ ಮಾತಿನ ಪರವಾಗಿ ಒಬ್ಬರನ್ನು, ವಿರೋಧವಾಗಿ ಒಬ್ಬರನ್ನು ಕೂರಿಸಿದರೆ ಆ ಮಾತು ಅರ್ಧ ಸತ್ಯದಂತೆ ಕಾಣತೊಡಗುತ್ತದೆ. ಪಕ್ಷಪಾತವೆಂದರೆ ಸುಳ್ಳು ಬರೆಯುವುದು ಮಾತ್ರವಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳದಿರುವುದೂ ಪಕ್ಷಪಾತವೇ. ಆದರೆ ಇತಿಹಾಸಕಾರರನ್ನು ವಿಚಾರಿಸಿ ಬರೆದ ಪತ್ರಿಕೆಗಳೂ ಇದ್ದವು ಎಂಬುದನ್ನು ಮರೆಯಬಾರದು.

ಹಾಗಾದರೆ ದಾಖಲೆ ಏನು ಹೇಳುತ್ತದೆ? 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಆ ಸಂಜೆ ಉತ್ತರ ದಿಕ್ಕಿನ ನೀರು ಬಾಗಿಲಲ್ಲಿ, ಹೆಣಗಳ ರಾಶಿಯ ನಡುವೆ, ಬೇರ್ಡ್ ಮತ್ತು ಅಲನ್ ಮುಂತಾದ ಅಧಿಕಾರಿಗಳು ದೀಪದ ಬೆಳಕಿನಲ್ಲಿ ಟಿಪ್ಪುವಿನ ದೇಹವನ್ನು ಗುರುತಿಸಿದರು. ಯುದ್ಧದಲ್ಲಿದ್ದ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲೇ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ಗುಂಡು ಹಾರಿಸಿದ ಸಿಪಾಯಿಯ ಹೆಸರು ಖಚಿತವಾಗಿಲ್ಲ. ಆ ಖಾಲಿ ಜಾಗದಲ್ಲೇ ಹೊಸ ಹೆಸರುಗಳನ್ನು ಕೂರಿಸಲಾಯಿತು. ಬೀಟ್ಸನ್ ಕಂಪನಿಯ ಸೈನ್ಯದ ಕಡೆಯವರು ಎಂಬುದೂ ನೆನಪಿರಲಿ. ಅವರ ಬರಹವನ್ನೂ ಬೇರೆ ದಾಖಲೆಗಳೊಂದಿಗೆ ತಾಳೆ ನೋಡಬೇಕು.

ಈ ವಿವಾದವನ್ನು ತಣ್ಣಗಾಗಿಸಿದವರು ಯಾರು? ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು. ಶಾಸನ, ದಾಖಲೆಗಳಿದ್ದರೆ ಒದಗಿಸಿ, ಅವು ಪರಿಶೀಲನೆಯಾಗಲಿ, ಅಲ್ಲಿಯವರೆಗೆ ಗೊಂದಲ ಬೇಡ ಎಂಬುದು ಅವರ ನಿಲುವು. ಮುನಿರತ್ನ ಅವರು ಸಿನಿಮಾ ಕೈಬಿಟ್ಟರು. ತಮ್ಮ ಸಮುದಾಯವನ್ನು ವೀರರೆಂದು ಹೊಗಳುವ ಕಥೆಗೇ ಅವರು ಸಾಕ್ಷಿ ಕೇಳಿದರು. ನಾವು ಕಲಿಯಬೇಕಾದ ಪಾಠ ಇದೇ.

ಈಗ ನಮ್ಮ ಕಡೆ ತಿರುಗೋಣ. ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರಿಗೆ ದೊರೆತವು. ಅದು ದಾಖಲೆ, ಹೆಮ್ಮೆಯಿಂದ ಹೇಳಬಹುದು. ಆದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, ಟಿಪ್ಪು ಕಾಲದಲ್ಲಿ ತಮ್ಮವರ ಹತ್ಯೆಯಾಯಿತೆಂದು ನರಕ ಚತುರ್ದಶಿಯನ್ನು ಆಚರಿಸದ ಮಂಡ್ಯಂ ಅಯ್ಯಂಗಾರ್ ಮನೆಗಳಿವೆ. ನಮಗೆ ನೋವಾಗುತ್ತದೆಂದು ಅದನ್ನು ಸುಳ್ಳೆಂದು ತಳ್ಳಿಹಾಕಲಾಗದು. ಶೃಂಗೇರಿಯ ಪತ್ರ ಮೇಲುಕೋಟೆಯ ಪ್ರಶ್ನೆಗೆ ಉತ್ತರವಲ್ಲ. ಅಲ್ಲಿಯೂ ದಾಖಲೆಯನ್ನೇ ಹುಡುಕಬೇಕು. ನೆರೆಯವರ ನೆನಪನ್ನು ಗೌರವದಿಂದ ಕೇಳಬೇಕು.

ವಿದ್ಯಾರ್ಥಿಗಳೇ, ಈ ವಿದ್ಯೆ ನಮಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು, ಅದು ಯಾರಿಂದ ಯಾರಿಗೆ ಬಂತೆಂಬ ಸರಪಳಿಯನ್ನೇ ಪರೀಕ್ಷಿಸುತ್ತಿದ್ದರು. ಮೊಬೈಲಿಗೆ ಬಂದ ಸುದ್ದಿಗೂ ಹಾಗೆಯೇ ಕೇಳಿ: ಮೊದಲು ಹೇಳಿದವರು ಯಾರು? ಅವರು ಕಂಡದ್ದೇ, ಕೇಳಿದ್ದೇ? ಘಟನೆಯಾದ ಎಷ್ಟು ವರ್ಷಕ್ಕೆ ಬರೆದರು? ಇದರಿಂದ ಲಾಭ ಯಾರಿಗೆ? ಬೇರೆ ಕಡೆಯ ದಾಖಲೆ ಇದನ್ನು ಒಪ್ಪುತ್ತದೆಯೇ?

ಉತ್ತರ ಸಿಗದಿದ್ದರೆ ಸುದ್ದಿಯನ್ನು ಮುಂದಕ್ಕೆ ಕಳುಹಿಸಬೇಡಿ. ವಿರೋಧಿಗಳ ಸುಳ್ಳನ್ನು ತೂಗುವ ತಕ್ಕಡಿಯಲ್ಲೇ ನಮಗೆ ಹಿತವಾದ ಮಾತನ್ನೂ ತೂಗಿದಾಗ ಮಾತ್ರ ನಮ್ಮ ಮಾತನ್ನು ನಾಲ್ಕು ಜನ ನಂಬುತ್ತಾರೆ.