ಹೊಲದ ಹದ್ದನ್ನು ಹತ್ತಿರದಿಂದ ಚಿತ್ರಿಸುವ ಬಗೆ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಅಧ್ಯಾಪಕನು ಬಿತ್ತನೆ, ಗೊಬ್ಬರಗಳ ವಿಷಯ ಬಿಟ್ಟು ಹಕ್ಕಿಗಳ ಛಾಯಾಚಿತ್ರದ ಬಗ್ಗೆ ಮಾತನಾಡುವುದು ತಮಗೆ ವಿಚಿತ್ರವೆನಿಸಬಹುದು. ಆದರೆ ಇಂದು ಹಳ್ಳಿಗಳಲ್ಲಿ ಮೊಬೈಲ್ ಕ್ಯಾಮೆರಾ ಸಾಮಾನ್ಯವಾಗಿದೆ. ದೊಡ್ಡ ಲೆನ್ಸ್ ಹೊತ್ತ ನಗರದ ಹವ್ಯಾಸಿಗಳೂ ಹೊಲಗಳಿಗೆ ಬರುತ್ತಿದ್ದಾರೆ. ಆದುದರಿಂದ ಬೇಟೆ ಹಕ್ಕಿಗಳಿಗೆ ತೊಂದರೆಯಾಗದಂತೆ ಚಿತ್ರ ತೆಗೆಯುವ ಕ್ರಮವನ್ನು ನಾವು ತಿಳಿದಿರುವುದು ಅವಶ್ಯಕ.

ಉದಾಹರಣೆಗೆ ರಾಮದಾಸ ಹದ್ದನ್ನು ತೆಗೆದುಕೊಳ್ಳೋಣ. ಇದು ಕಾಗೆಗಿಂತ ಚಿಕ್ಕದು. ಬೂದು ಬೆನ್ನು, ಬಿಳಿ ಹೊಟ್ಟೆ, ಭುಜದ ಮೇಲೆ ಕಪ್ಪು ಪಟ್ಟೆ, ಕೆಂಪು ಕಣ್ಣು. ಹೊಲದ ಮೇಲೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ಒಂದೇ ಕಡೆ ನಿಂತು, ಕಾಲು ಇಳಿಬಿಟ್ಟು ಕೆಳಗಿಳಿಯುವುದನ್ನು ತಾವು ಕಂಡಿರಬಹುದು. ಇಲಿಗಳು ಮತ್ತು ಮಿಡತೆಗಳು ಇದರ ಆಹಾರ. ಹೀಗಾಗಿ ಇದು ರೈತನ ಮಿತ್ರ.

ಹತ್ತಿರ ಹೋಗುವ ಕ್ರಮ: ನೆಟ್ಟಗೆ ನಡೆದು ಬರುವ ಮನುಷ್ಯನಿಗೆ ಈ ಹಕ್ಕಿ ಬೇಗ ಹೆದರುತ್ತದೆ. ದಿನವೂ ಕಾಣುವ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಿಗೆ ಅಷ್ಟಾಗಿ ಹೆದರುವುದಿಲ್ಲ. ಆದ್ದರಿಂದ ವಾಹನದಲ್ಲೇ ಕುಳಿತು ಚಿತ್ರ ತೆಗೆಯುವುದು ಸುಲಭ. ಇಲ್ಲವೇ ಬದುವಿನಲ್ಲಿ ಒಂದು ಒಣ ಕವಲುಕೊಂಬೆಯನ್ನು ನೆಟ್ಟು, 30-40 ಅಡಿ ದೂರದಲ್ಲಿ ಗೋಣಿತಾಟಿನ ಮರೆ ಕಟ್ಟಿರಿ. ಕೆಲವು ದಿನ ಅದನ್ನು ಹಾಗೆಯೇ ಬಿಟ್ಟರೆ ಹಕ್ಕಿಗೆ ರೂಢಿಯಾಗುತ್ತದೆ. ಅನಂತರ ಬೆಳಗಿನ ಜಾವ ಇಬ್ಬರು ಮರೆಗೆ ಹೋಗಿ, ಒಬ್ಬರು ಹಿಂದಿರುಗಬೇಕು. ಒಬ್ಬ ಹೊರಟುಹೋದುದನ್ನು ಕಂಡು ಹಕ್ಕಿ ಧೈರ್ಯಗೊಳ್ಳುತ್ತದೆ.

ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. 300ರಿಂದ 400 ಮಿಲಿಮೀಟರ್ ಲೆನ್ಸ್ ಉತ್ತಮ. ಹಾರುವ ಹಕ್ಕಿಗೆ ಸೆಕೆಂಡಿನ 1/1000 ಭಾಗ ಅಥವಾ ಅದಕ್ಕೂ ಕಡಿಮೆ ಅವಧಿಯ ಷಟರ್ ಬೇಕು. ಹಕ್ಕಿ ಗರಿ ಬಿಗಿಹಿಡಿದು ನಿಮ್ಮನ್ನೇ ದಿಟ್ಟಿಸತೊಡಗಿದರೆ ಅಲ್ಲಿಯೇ ನಿಲ್ಲಿರಿ, ಮುಂದೆ ಹೋಗಬೇಡಿ. ಇಲಿಯನ್ನು ಕಟ್ಟಿ ಆಸೆ ತೋರಿಸುವುದು ಸಲ್ಲದು. ಪಾಷಾಣ ತಿಂದ ಇಲಿಯಂತೂ ಹಕ್ಕಿಯನ್ನೂ ಕೊಲ್ಲಬಲ್ಲದು. ಸತ್ತ ಇಲಿಗಳನ್ನು ಆಳವಾಗಿ ಹೂಳಿರಿ.

ಗೂಡಿನ ವಿಷಯ: ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೊಲದಂಚಿನ ಜಾಲಿಮರವೊಂದರಲ್ಲಿ ಈ ಹದ್ದಿನ ಗೂಡಿತ್ತು. ಅದರಲ್ಲಿ 3 ಮರಿಗಳಿದ್ದವು. ಚಿತ್ರಕ್ಕೆ ಅಡ್ಡವಾಗಿದ್ದ ಎಲೆಗೊಂಬೆಯೊಂದನ್ನು ಕತ್ತರಿಸಿದೆ. ಚಿತ್ರಗಳೇನೋ ಚೆನ್ನಾಗಿ ಬಂದವು. ಮರುದಿನ ಹೋಗಿ ನೋಡಿದಾಗ ಗೂಡಿನ ಮೇಲೆ ಕಾಗೆಗಳಿದ್ದವು. ಒಂದು ಮರಿಯೂ ಉಳಿದಿರಲಿಲ್ಲ. ಆ ಹೊಲದ ಹಿರಿಯರು ನೋಡಿ, "ಆ ಕೊಂಬೆ ಇದ್ದಿದ್ದರೆ ಕಾಗೆಗೆ ಗೂಡು ಕಾಣುತ್ತಿರಲಿಲ್ಲ ಮೇಷ್ಟ್ರೇ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಚಿತ್ರಗಳನ್ನು ನಾನು ಎಲ್ಲಿಯೂ ಪ್ರದರ್ಶಿಸಿಲ್ಲ.

ಕೊಂಬೆ ಗೂಡಿಗೆ ನೆರಳನ್ನೂ ಮರೆಯನ್ನೂ ಕೊಡುತ್ತದೆ. ತಾಯಿಯನ್ನು ಬೆದರಿಸಿ ಎಬ್ಬಿಸಿದರೆ ಎಳೆಯ ಮರಿಗಳು ಬಿಸಿಲಿಗೆ ಬೀಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕೆದಕುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಮನುಷ್ಯನಿಗೂ ಅಪಾಯವಿಲ್ಲದಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ಅವರು 1937ರಲ್ಲಿ ವೇಲ್ಸ್‌ನಲ್ಲಿ ಗೂಬೆಯ ಗೂಡಿನ ಬಳಿ ಅದರ ಉಗುರಿನ ಏಟಿಗೆ ಸಿಕ್ಕಿ ಒಂದು ಕಣ್ಣನ್ನೇ ಕಳೆದುಕೊಂಡರು.

ಆದ್ದರಿಂದ ಈ ಮೂರು ಅಂಶಗಳನ್ನು ನೆನಪಿನಲ್ಲಿಡಿ:

1. ಗೂಡಿನ ಚಿತ್ರ ಬೇಡ. ಬೇಟೆಯಾಡುವ, ಕುಳಿತಿರುವ ಹಕ್ಕಿಯ ಚಿತ್ರವೇ ಸಾಕು.
2. ಗೂಡಿನ ಸುತ್ತಲಿನ ಗಿಡ, ಕೊಂಬೆಗಳನ್ನು ಕಡಿಯಬೇಡಿ, ಡ್ರೋನ್ ಹಾರಿಸಬೇಡಿ.
3. ಹೊರಗಿನಿಂದ ಬಂದವರಿಗೆ ಗೂಡಿರುವ ಮರವನ್ನು ತೋರಿಸಬೇಡಿ.

ಮೂರನೆಯದನ್ನು ನೀವೇ ಮಾಡಬೇಕು. ಹವ್ಯಾಸಿಗಳು ಗೂಡು ಎಲ್ಲಿದೆಯೆಂದು ಮೊದಲು ಕೇಳುವುದು ಹೊಲದ ಒಡೆಯನನ್ನೇ. ಅಂದು ನನಗೆ ಆ ಮರ ತೋರಿಸಿದವರೂ ಒಬ್ಬ ರೈತರೇ. ಅವರು ಇಲ್ಲವೆಂದಿದ್ದರೆ ಮೂರು ಹದ್ದುಗಳು ಆ ಹೊಲದಲ್ಲಿ ಇಲಿ ಹಿಡಿಯುತ್ತಿದ್ದವೇನೋ.